ಒಂದು ದಿನದ ಅರಸರು: ನ್ಯೂ ಆರ್ಲಿಯನ್ಸ್ ನಗರದ ಕಾರ್ನಿವಲ್ ಸಂಘಗಳು

ಅರಸೊತ್ತಿಗೆಯನ್ನು ತೊರೆದ ನಾಡುಗಳಲ್ಲಿಯೂ ಅರಸನ ವೇಷವನ್ನು ತೊರೆಯಲು ಜನರಿಗೆ ಮನಸ್ಸು ಬಾರದೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ೧೭೭೬ರಲ್ಲಿ ಇಂಗ್ಲೆಂಡಿನ ದೊರೆಯ ಆಳ್ವಿಕೆಯನ್ನು ಕಿತ್ತೊಗೆದುವು. ಮುಂದೆ ತಮ್ಮ ಸಂವಿಧಾನವನ್ನು ರಚಿಸಿಕೊಂಡಾಗ, ಯಾರಿಗೂ ಕುಲೀನತೆಯ ಬಿರುದನ್ನು ಕೊಡಕೂಡದೆಂದು ಅದರಲ್ಲಿ ಬರೆದಿಟ್ಟುವು. ಹೀಗಿದ್ದರೂ ಅದೇ ದೇಶದ ದಕ್ಷಿಣದ ಅಂಚಿನಲ್ಲಿ, ಮಿಸಿಸಿಪಿ ಮಹಾನದಿಯ ದಂಡೆಯ ಮೇಲಿರುವ ನ್ಯೂ ಆರ್ಲಿಯನ್ಸ್ ನಗರದಲ್ಲಿ ವರ್ಷಕ್ಕೊಮ್ಮೆ ಅರಸರು ಪಟ್ಟಕ್ಕೆ ಬರುತ್ತಾರೆ. ಅವರಿಗೆ ರಾಣಿಯರಿದ್ದಾರೆ, ಸಖಿಯರಿದ್ದಾರೆ, ಸೆರಗು ಹಿಡಿಯುವ ಬಾಲಕರಿದ್ದಾರೆ; ರಾಜಶಾಸನಗಳು ಹೊರಡುತ್ತವೆ, ರಥಗಳು ಬೀದಿಗಿಳಿಯುತ್ತವೆ. ಆ ದಿನದ ನಡುವಿರುಳು ಕಳೆದೊಡನೆ ಅರಸನೂ ಇಲ್ಲ, ಅರಸುತನವೂ ಇಲ್ಲ.

ಇದು ಬರಿಯ ಆಟವೆಂದು ತಳ್ಳಿಬಿಡಬಹುದು. ಆದರೆ ಆಟದಲ್ಲಿ ಜನರು ತಮ್ಮ ಮನಸ್ಸನ್ನು ಎಷ್ಟು ಬಿಚ್ಚಿ ತೋರುವರೋ ಅಷ್ಟನ್ನು ಶಾಸನಗಳಲ್ಲಿ ತೋರಲಾರರು. ಆಟದ ಕಿರೀಟವನ್ನು ತೊಡುವ ಹಕ್ಕು ಯಾರದು? ರಥದ ಮೇಲೆ ಕೂಡುವವರು ಯಾರು, ಅದರ ಪಕ್ಕದಲ್ಲಿ ದೀವಟಿಗೆ ಹಿಡಿದು ನಡೆಯುವವರು ಯಾರು? ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಆ ನಗರದ ಕಾರ್ನಿವಲ್ ಸಂಘಗಳ ಚರಿತ್ರೆಯನ್ನು ನೋಡಿದರೆ, ಅಮೆರಿಕದ ಚರಿತ್ರೆಯ ಬಹುಭಾಗ ಅದರಲ್ಲಿ ಕಾಣಸಿಗುತ್ತದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಎಡೆಯಿಲ್ಲವಾದುದರಿಂದ ನಾವು ಇಲ್ಲಿ ಅದನ್ನು ಸಂಗ್ರಹವಾಗಿ ಹೇಳಬಯಸುತ್ತೇವೆ.

೧. ಉಪವಾಸದ ಮುನ್ನಾದಿನ

ಕ್ರೈಸ್ತರಲ್ಲಿ, ವಿಶೇಷವಾಗಿ ಕ್ಯಾಥೊಲಿಕ್ ಪಂಥದವರಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚೆ ೪೦ ದಿನಗಳ ತಪಸ್ಸುಕಾಲವಿದೆ. ಅದು ಬೂದಿ ಬುಧವಾರದಂದು ಮೊದಲಾಗುತ್ತದೆ. ಅಂದು ಭಕ್ತರು ಹಣೆಗೆ ಬೂದಿಯಿಡಿಸಿಕೊಂಡು ತಾವು ಮಣ್ಣಿನವರೆಂಬುದನ್ನು ನೆನೆಯುತ್ತಾರೆ. ಉಪವಾಸಕ್ಕೆ ಮುಂಚೆ ಹೊಟ್ಟೆ ತುಂಬ ಉಂಡು, ಮನಸ್ಸು ತುಂಬ ನಕ್ಕು, ವೇಷ ಕಟ್ಟಿ ಕುಣಿಯುವ ಕಾಲವೇ ಕಾರ್ನಿವಲ್. ಅದರ ಕೊನೆಯ ದಿನಕ್ಕೆ ಫ್ರೆಂಚರು ‘ಮಾರ್ದಿ ಗ್ರಾ’, ಎಂದರೆ ‘ಕೊಬ್ಬಿನ ಮಂಗಳವಾರ’ ಎಂದು ಹೆಸರಿಟ್ಟರು. ಈಸ್ಟರ್ ಹಬ್ಬದ ತೇದಿ ಚಂದ್ರನ ಗತಿಯನ್ನನುಸರಿಸಿ ಬದಲಾಗುವುದರಿಂದ ಈ ಮಂಗಳವಾರವೂ ಫೆಬ್ರವರಿ ೩ರಿಂದ ಮಾರ್ಚಿ ೯ರ ವರೆಗೆ ಹಿಂದುಮುಂದಾಗುತ್ತಿರುತ್ತದೆ.

ಗೋವೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಈ ಹಬ್ಬ ಅಪರಿಚಿತವಲ್ಲ. ಅಲ್ಲಿಯ ಹಳ್ಳಿಗಳ ‘ಇಂತ್ರೂಜ್’ ಇದೇ ಹಬ್ಬ. ೧೯೬೫ರಿಂದ ಪಣಜಿಯಲ್ಲಿ ರಥಗಳ ಮೆರವಣಿಗೆಯೊಡನೆ ನಗರವನ್ನಾಳಲು ಬರುವ ಮೋಮೊ ರಾಜನು ಇದೇ ಹಬ್ಬದ ಅರಸು. ‘ಮೋಮೊ’ ಎಂಬುದು ಗ್ರೀಕರ ಪರಿಹಾಸದ ದೇವತೆಯಾದ ಮೋಮಸನ ಹೆಸರು. ನ್ಯೂ ಆರ್ಲಿಯನ್ಸಿನಲ್ಲಿಯೂ ಆ ದೇವತೆಯ ಹೆಸರಿನ ಸಂಘವೊಂದು ೧೮೭೨ರಲ್ಲಿ ಹುಟ್ಟಿತು. ಹೀಗೆ ಒಂದೇ ದೇವತೆ ಎರಡು ಸಮುದ್ರಗಳ ದಡದಲ್ಲಿ ಓಲಗ ಕೊಡುತ್ತಾನೆ.

ಮಿಸಿಸಿಪಿಯ ದಡಕ್ಕೆ ಈ ಹಬ್ಬವನ್ನು ತಂದವರು ಫ್ರೆಂಚರು. ೧೬೯೯ರ ಮಾರ್ಚಿ ೩ರಂದು ಇಬರ್ವಿಲ್ ಎಂಬ ನಾವಿಕನ ತಂಡ ಆ ನದಿಯ ದಂಡೆಯ ಮೇಲೆ ಬಿಡಾರ ಹೂಡಿದಾಗ ಅಂದು ಮಾರ್ದಿ ಗ್ರಾ ಎಂಬುದು ಅವರ ನೆನಪಿಗೆ ಬಂದಿತು. ಆ ಸ್ಥಳಕ್ಕೆ ಅದೇ ಹೆಸರನ್ನಿಟ್ಟರು. ೧೭೧೮ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಸ್ಥಾಪನೆಯಾಯಿತು. ಕೆಲಕಾಲ ಸ್ಪೇನಿನ ಆಳ್ವಿಕೆಯಲ್ಲಿದ್ದು, ಮರಳಿ ಫ್ರಾನ್ಸಿಗೆ ಸೇರಿ, ೧೮೦೩ರಲ್ಲಿ ಅದು ಅಮೆರಿಕದವರ ಕೈಗೆ ಕ್ರಯಕ್ಕೆ ಬಂದಿತು. ಆಳುವವರು ಬದಲಾದರು, ಹಬ್ಬ ಮಾತ್ರ ಉಳಿಯಿತು.

೨. ಸಂಘದ ಹುಟ್ಟು

ಹಬ್ಬ ಹಳೆಯದಾದರೂ ಹಬ್ಬವನ್ನು ನಡೆಸುವ ಸಂಘ ಹೊಸದು. ಅದರ ಬೀಜ ಬಿದ್ದುದು ನೆರೆಯ ಅಲಬಾಮಾ ಸಂಸ್ಥಾನದ ಮೊಬೀಲ್ ಪಟ್ಟಣದಲ್ಲಿ. ೧೮೩೦ರ ಡಿಸೆಂಬರ್ ಕೊನೆಯ ರಾತ್ರಿ, ಮೈಕಲ್ ಕ್ರಾಫ್ಟ್ ಎಂಬಾತನೂ ಅವನ ಗೆಳೆಯರೂ ಕಬ್ಬಿಣದ ಸಾಮಾನಿನ ಅಂಗಡಿಯೊಂದರಿಂದ ದನದ ಗಂಟೆಗಳನ್ನೂ ಹಲ್ಲುಕುಂಟೆಗಳನ್ನೂ ಹೊತ್ತುಕೊಂಡು ಗದ್ದಲವೆಬ್ಬಿಸುತ್ತ ಊರು ಸುತ್ತಿದರೆಂದು ಹೇಳಿಕೆ. ಆ ತುಂಟಾಟವೇ ಒಂದು ಸಂಘವಾಗಿ, ವರ್ಷವರ್ಷವೂ ಮೆರವಣಿಗೆ ನಡೆಸುವ ಸಂಪ್ರದಾಯವಾಗಿ ಬೆಳೆಯಿತು.

ಅಂದಿನ ನ್ಯೂ ಆರ್ಲಿಯನ್ಸಿನಲ್ಲಿ ಹಬ್ಬ ಪುಂಡಾಟಿಕೆಗೆ ತಿರುಗಿದ್ದಿತು. ದಾರಿಹೋಕರ ಮೇಲೆ ಹಿಟ್ಟನ್ನೆರಚುವುದು, ಹೊಡೆದಾಡುವುದು ಹೆಚ್ಚಾಗಿ, ಇದನ್ನು ನಿಲ್ಲಿಸಿದರೇ ಒಳಿತೆಂದು ಪತ್ರಿಕೆಗಳು ಬರೆಯುತ್ತಿದ್ದುವು. ಅಂತಹ ಕಾಲದಲ್ಲಿ, ಮೊಬೀಲಿನಿಂದ ಬಂದು ನೆಲೆಸಿದ್ದ ಕೆಲವರನ್ನೂ ಒಳಗೊಂಡ ವರ್ತಕರ ಗುಂಪೊಂದು ೧೮೫೭ರಲ್ಲಿ ಗುಪ್ತ ಸಂಘವನ್ನು ಕಟ್ಟಿತು. ಹೆಸರು ‘ಮಿಸ್ಟಿಕ್ ಕ್ರೂ ಆಫ್ ಕೋಮಸ್’. ‘ಕ್ರೂ’ ಎಂದರೆ ಹಡಗಿನ ಆಳುಗಳ ತಂಡ. ಆ ಪದದ ಅಕ್ಷರಗಳನ್ನು ಹಳೆಯ ಕಾಲದ್ದೆಂಬಂತೆ ತಿರುಚಿ ಬರೆದು ಇವರು ಹೊಸ ಶಬ್ದವನ್ನೇ ಟಂಕಿಸಿದರು. ಇಂದಿಗೂ ಅಲ್ಲಿಯ ಕಾರ್ನಿವಲ್ ಸಂಘಗಳಿಗೆ ಸಾಮಾನ್ಯವಾಗಿ ಅದೇ ಹೆಸರು. ಕೋಮಸನು ಮಹಾಕವಿ ಮಿಲ್ಟನ್ ೧೬೩೪ರಲ್ಲಿ ರಚಿಸಿದ ರೂಪಕದಲ್ಲಿ ಬರುವ ವಿಲಾಸದ ದೇವತೆ. ೧೮೫೭ರ ಫೆಬ್ರವರಿ ೨೪ರ ರಾತ್ರಿ ಹೊರಟ ಮೊದಲ ಮೆರವಣಿಗೆಯ ವಸ್ತುವೂ ಮಿಲ್ಟನ್ನನದೇ: ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಪಿಶಾಚಗಣ. ಎರಡು ರಥಗಳು, ಸುತ್ತಲೂ ಉರಿಯುವ ದೀವಟಿಗೆಗಳು, ಮುಖವಾಡ ಧರಿಸಿದ ಸದಸ್ಯರು. ಕೊನೆಯಲ್ಲಿ ನಾಟಕಶಾಲೆಯೊಂದರಲ್ಲಿ ನೃತ್ಯಕೂಟ. ವಿಷಯವೊಂದನ್ನು ಆಯ್ದು ಮೆರವಣಿಗೆ, ಅದರ ಬೆನ್ನಿಗೆ ನೃತ್ಯಕೂಟ, ಎಲ್ಲಕ್ಕೂ ಗೋಪ್ಯತೆಯ ಮುಸುಕು: ಮುಂದೆ ನೂರಾರು ಸಂಘಗಳು ಅನುಸರಿಸಿದ ಕ್ರಮ ಅಂದೇ ನಿಂತಿತು.

ಆ ಮೆರವಣಿಗೆಯ ಹತ್ತೇ ದಿನಗಳ ತರುವಾಯ, ಮಾರ್ಚಿ ೬ರಂದು, ಆಫ್ರಿಕದ ಮೂಲದ ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲಾರರೆಂದು ಆ ದೇಶದ ವರಿಷ್ಠ ನ್ಯಾಯಾಲಯ ಡ್ರೆಡ್ ಸ್ಕಾಟ್ ಎಂಬ ದಾಸನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನ್ಯೂ ಆರ್ಲಿಯನ್ಸ್ ಆಗ ದಾಸರನ್ನು ಕೊಂಡು ಮಾರುವ ದೊಡ್ಡ ಸಂತೆ. ಕೋಮಸನ ರಥಗಳ ಇಕ್ಕೆಲದಲ್ಲಿ ದೀವಟಿಗೆ ಹೊತ್ತು ನಡೆದವರು ಕಪ್ಪು ಜನರು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿನಲ್ಲಿಡದಿದ್ದರೆ ಮುಂದಿನ ಕಥೆ ಅರ್ಥವಾಗದು.

೩. ಎರವಲಿನ ನಿಲುವಂಗಿಯ ರಾಜ

೧೮೬೧ರಿಂದ ೧೮೬೫ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ದಾಸ್ಯ ಅಳಿಯಿತು. ಸೋತ ದಕ್ಷಿಣದ ನಗರ ಬಡವಾಗಿದ್ದಿತು. ೧೮೭೨ರ ಮಾರ್ದಿ ಗ್ರಾ ಸಮಯಕ್ಕೆ ರಷ್ಯದ ಚಕ್ರವರ್ತಿಯ ಮಗ ಅಲೆಕ್ಸಿಸ್ ಅಲ್ಲಿಗೆ ಬರುವನೆಂಬ ಸುದ್ದಿ ಹಬ್ಬಿದಾಗ, ಊರಿನ ಪ್ರಮುಖರು ಚದುರಿದ್ದ ವೇಷಧಾರಿಗಳನ್ನೆಲ್ಲ ಒಬ್ಬ ಅರಸನ ಬೆನ್ನಿಗೆ ನಿಲ್ಲಿಸಿ ಹಗಲು ಮೆರವಣಿಗೆ ನಡೆಸಲು ನಿಶ್ಚಯಿಸಿದರು. ಅತಿಥಿಗೆ ಗೌರವವೂ ಆಯಿತು. ಪರಊರಿನವರು ಹಬ್ಬಕ್ಕೆ ಬಂದು ವ್ಯಾಪಾರ ಕುದುರಲೆಂಬ ಲೆಕ್ಕವೂ ಇದ್ದಿತು.

ಆ ಅರಸನ ಹೆಸರು ‘ರೆಕ್ಸ್’. ಲ್ಯಾಟಿನ್ ಭಾಷೆಯಲ್ಲಿ ‘ರಾಜ’ ಎಂದೇ ಅದರ ಅರ್ಥ. ಮೊದಲ ರೆಕ್ಸನಾದವನು ಲೂಯಿಸ್ ಸಾಲೊಮನ್ ಎಂಬ ಯೆಹೂದಿ ಮೂಲದ ವ್ಯವಹಾರಸ್ಥ. ಅವನಲ್ಲಿ ರಾಜೋಚಿತವಾದ ಉಡುಪು ಎಲ್ಲಿಯದು? ಆಗ ಊರಿನಲ್ಲಿದ್ದ ಷೇಕ್ಸ್‌ಪಿಯರ್ ನಾಟಕಗಳ ನಟ ಲಾರೆನ್ಸ್ ಬ್ಯಾರೆಟ್ಟನಿಂದ ಮೂರನೆಯ ರಿಚರ್ಡನ ವೇಷವನ್ನು ಎರವಲು ತಂದು ತೊಟ್ಟು ಅವನು ಕುದುರೆಯೇರಿದನು. ನಾಟಕದ ಅರಸನ ಅಂಗಿಯನ್ನು ತೊಟ್ಟ ಆಟದ ಅರಸನನ್ನು ನಿಜವಾದ ರಾಜಕುಮಾರನೊಬ್ಬ ನಗರಸಭೆಯ ಮೆಟ್ಟಿಲುಗಳಿಂದ ನೋಡಿದನು. ಕಾರ್ನಿವಲ್ಲಿನ ಸ್ವರೂಪವೆಲ್ಲ ಆ ಒಂದು ನೋಟದಲ್ಲಿ ಅಡಗಿದೆ.

ರೆಕ್ಸನ ಸಂಪ್ರದಾಯಗಳು ಅಲ್ಲಿಂದ ಬೆಳೆದುವು. ತನ್ನ ಪ್ರಜೆಗಳಿಗೆ ಕೆಲಸ ನಿಲ್ಲಿಸಿ ಸಂತೋಷಪಡಿರೆಂದು ಅವನು ಶಾಸನ ಹೊರಡಿಸುತ್ತಾನೆ. ನಗರಾಧ್ಯಕ್ಷರು ನಗರದ ಕೀಲಿಕೈಯನ್ನು ಅವನಿಗೊಪ್ಪಿಸುತ್ತಾರೆ. ೧೮೭೫ರಲ್ಲಿ ಲೂಯಿಸಿಯಾನ ಸಂಸ್ಥಾನ ಮಾರ್ದಿ ಗ್ರಾ ದಿನವನ್ನು ಕಾನೂನಿನ ಮೂಲಕ ರಜೆಯ ದಿನವಾಗಿ ಮಾಡಿತು. ನೇರಿಳೆ, ಹಸಿರು, ಹೊಂಬಣ್ಣ ಈ ಮೂರು ರೆಕ್ಸನ ಬಣ್ಣಗಳು. ಇಂದು ಅವು ಇಡೀ ಹಬ್ಬದ ಬಣ್ಣಗಳು. ಅವನ ಮೆರವಣಿಗೆಯಲ್ಲಿ ಉಪವಾಸಕ್ಕೆ ಮುಂಚಿನ ಕೊನೆಯ ಮಾಂಸದ ಗುರುತಾಗಿ ಕೊಬ್ಬಿದ ಎತ್ತೊಂದು ಬರುತ್ತಿದ್ದಿತು. ಬಹುಕಾಲ ನಿಂತುಹೋಗಿದ್ದ ಆ ವಾಡಿಕೆ ೧೯೫೯ರಲ್ಲಿ ಕಾಗದದ ಅರಗಿನ ಎತ್ತಾಗಿ ಮರಳಿ ಬಂದಿತು.

೪. ಒಡ್ಡೋಲಗ

ಬೀದಿಯ ಮೆರವಣಿಗೆಯನ್ನು ಎಲ್ಲರೂ ನೋಡಬಹುದು. ಆದರೆ ಹಳೆಯ ಸಂಘಗಳ ದೃಷ್ಟಿಯಲ್ಲಿ ಹಬ್ಬದ ಹೃದಯವಿರುವುದು ಬಾಗಿಲು ಮುಚ್ಚಿದ ನೃತ್ಯಕೂಟದಲ್ಲಿ. ಯಕ್ಷಗಾನದಲ್ಲಿ ಒಡ್ಡೋಲಗವನ್ನು ಕಂಡವರಿಗೆ ಇದರ ಸ್ವರೂಪವನ್ನು ವಿವರಿಸುವುದು ಕಷ್ಟವಲ್ಲ. ತೆರೆ ಸರಿದಾಗ ರಾಜನೂ ಅವನ ಪರಿವಾರವೂ ಕುಳಿತ ಭಂಗಿಯಿಂದಲೇ ಯಾರು ದೊಡ್ಡವರು, ಯಾರು ಯಾರ ಕೆಳಗಿನವರು ಎಂಬುದು ಪ್ರೇಕ್ಷಕರಿಗೆ ತಿಳಿಯುತ್ತದೆಯಷ್ಟೆ. ಇಲ್ಲಿಯೂ ಹಾಗೆಯೇ.

ಸಂಘದ ನಿಜವಾದ ಯಜಮಾನನು ರಾಜನಲ್ಲ, ‘ಕ್ಯಾಪ್ಟನ್’ ಎಂಬ ನಾಯಕನು. ರಾಜನು ವರ್ಷಕ್ಕೊಬ್ಬ, ನಾಯಕನು ಬಹುಕಾಲ ಉಳಿಯುವವನು. ಕೂಟದ ಹೆಜ್ಜೆಹೆಜ್ಜೆಯೂ ಅವನ ಸೀಟಿಯ ಸದ್ದಿಗೆ ನಡೆಯುತ್ತದೆ. ಆಹ್ವಾನಪತ್ರವಿಲ್ಲದೆ ಯಾರಿಗೂ ಪ್ರವೇಶವಿಲ್ಲ. ಒಬ್ಬರಿಗೆ ಬಂದುದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಆಹ್ವಾನ ಬಂದವರೆಲ್ಲರೂ ಕುಣಿಯುವಂತೆಯೂ ಇಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಕೆಲವು ಸ್ತ್ರೀಯರ ಹೆಸರನ್ನು ಕರೆಯಲಾಗುತ್ತದೆ. ಕರೆಬಂದವರು ಮುಖವಾಡದ ಸದಸ್ಯನೊಡನೆ ನರ್ತಿಸಿ, ಅವನಿತ್ತ ಸಣ್ಣ ಕಾಣಿಕೆಯನ್ನು ಪಡೆದು ಹಿಂದಿರುಗುತ್ತಾರೆ. ಉಳಿದವರು ಮೇಲಿನ ಅಟ್ಟಣೆಯಿಂದ ನೋಡಿ ತೃಪ್ತರಾಗಬೇಕು. ತನ್ನೊಡನೆ ಕುಣಿದವನು ಯಾರೆಂಬುದು ಮುಖವಾಡದ ಹಿಂದೆಯೇ ಉಳಿಯುತ್ತದೆ.

ರಾಣಿಯನ್ನು ಆರಿಸುವ ಪದ್ಧತಿ ಸ್ವಾರಸ್ಯಕರವಾದುದು. ಕಾರ್ನಿವಲ್ ಕಾಲ ಆರಂಭವಾಗುವ ಜನವರಿ ೬ರಂದು ದೊಡ್ಡ ಕೇಕಿನೊಳಗೆ ಅವರೆಯಂಥ ಕಾಳೊಂದನ್ನು ಹುದುಗಿಸಿ, ಅದು ಯಾರ ಪಾಲಿಗೆ ಬರುವುದೋ ಅವರನ್ನು ಅಂದಿನ ರಾಜ ಅಥವಾ ರಾಣಿಯೆಂದು ಸಾರುವುದು ಯೂರೋಪಿನ ಹಳೆಯ ವಾಡಿಕೆ. ೧೮೭೦ರಲ್ಲಿ ಹುಟ್ಟಿದ ‘ಟ್ವೆಲ್ಫ್ತ್ ನೈಟ್ ರೆವೆಲರ್ಸ್’ ಸಂಘ ಇದನ್ನು ತನ್ನ ಕೂಟಕ್ಕೆ ತಂದಿತು. ೧೮೭೧ರಲ್ಲಿ ಆ ಕಾಳಿನಿಂದ ನಗರದ ಕಾರ್ನಿವಲ್ಲಿಗೆ ಮೊದಲ ರಾಣಿ ದೊರೆತಳು. ಕಾಳು ಯಾರಿಗಾದರೂ ದೊರೆಯಬಹುದೆಂದು ಹೊರಗಿನವರು ಎಣಿಸಬಹುದು. ಆದರೆ ಕೇಕಿನ ಸುತ್ತ ನಿಲ್ಲಲು ಯಾರಿಗೆ ಕರೆ ಬರುವುದೆಂಬುದು ಅದೃಷ್ಟದ ಮಾತಲ್ಲ. ಹಳೆಯ ಸಂಘಗಳಲ್ಲಿ ರಾಣಿಪಟ್ಟವು ಶ್ರೀಮಂತ ಮನೆತನಗಳ ತರುಣಿಯರಿಗೆ, ಅವರು ಸಮಾಜದ ಮುಂದೆ ಮೊದಲಬಾರಿ ಕಾಣಿಸಿಕೊಳ್ಳುವ ವರ್ಷದಲ್ಲಿ ಸಲ್ಲುವ ಮರ್ಯಾದೆ. ಎಷ್ಟೋ ವೇಳೆ ತಾಯಿಯೂ ಅಜ್ಜಿಯೂ ಹಿಂದೆ ರಾಣಿಯರಾಗಿದ್ದವರೇ.

ಹಬ್ಬದ ಕೊನೆಯ ಘಟ್ಟ ೧೮೮೨ರಿಂದ ನಡೆದುಬಂದಿದೆ. ಮಂಗಳವಾರ ರಾತ್ರಿ ರೆಕ್ಸನ ಕೂಟವೊಂದು ಕಡೆ, ಕೋಮಸನ ಕೂಟ ಇನ್ನೊಂದು ಕಡೆ. ನಡುವಿರುಳು ಸಮೀಪಿಸಿದಾಗ ರೆಕ್ಸನು ತನ್ನ ರಾಣಿಯೊಡನೆ ತನ್ನ ಕೂಟವನ್ನು ಬಿಟ್ಟು ಕೋಮಸನಲ್ಲಿಗೆ ಹೋಗುತ್ತಾನೆ. ಕೋಮಸನು ರೆಕ್ಸನ ರಾಣಿಯ ಕೈಹಿಡಿದು, ರೆಕ್ಸನು ಕೋಮಸನ ರಾಣಿಯ ಕೈಹಿಡಿದು ಸಭೆಯನ್ನು ಸುತ್ತುತ್ತಾರೆ, ತೆರೆ ಬೀಳುತ್ತದೆ, ಹಬ್ಬ ಮುಗಿಯುತ್ತದೆ. ಹೆಸರು ಪ್ರಕಟವಾಗಿರುವ, ಊರಿನ ಜನರೆಲ್ಲ ತಮ್ಮವನೆನ್ನುವ ಅರಸನು ಹೆಸರನ್ನೇ ಹೇಳದ ಅರಸನ ಮನೆಗೆ ಅತಿಥಿಯಾಗಿ ಹೋಗಬೇಕೆಂಬ ಈ ಕ್ರಮದಲ್ಲಿ ಅಧಿಕಾರ ಎಲ್ಲಿತ್ತೆಂಬುದರ ಸೂಚನೆಯಿದೆ.

೫. ರಥ, ದೀವಟಿಗೆ, ಎಸೆತ

ಮೆರವಣಿಗೆಯ ರಥಗಳು ಮೊದಲು ಹೇಸರಗತ್ತೆಗಳು ಎಳೆಯುವ ಬಂಡಿಗಳಾಗಿದ್ದುವು. ಇಪ್ಪತ್ತನೆಯ ಶತಮಾನದ ನಡುವಿನಿಂದ ಟ್ರ್ಯಾಕ್ಟರುಗಳು ಎಳೆಯತೊಡಗಿದುವು. ಬಂಡಿಯ ಮೇಲೆ ಮರದ ಚೌಕಟ್ಟು, ಅದರ ಮೇಲೆ ಕಾಗದದ ಅರಗಿನಿಂದ ರೂಪಿಸಿದ ಡ್ರ್ಯಾಗನ್‌ಗಳು, ಹೂಗಳು, ದೇವತೆಗಳು, ಚಿನ್ನದ ರೇಕು. ನಮ್ಮ ದಸರೆಯ ಬೊಂಬೆಗಳೂ ಮೊಹರಮ್ಮಿನ ತಾಬೂತುಗಳೂ ಹೇಗೋ ಹಾಗೆ, ಇವು ಒಂದು ದಿನದ ಬಾಳಿಗಾಗಿ ಒಂದು ವರ್ಷದ ದುಡಿಮೆಯನ್ನು ಬೇಡುವ ಕಲೆ. ಸ್ವೀಡನ್ನಿನಿಂದ ಬಂದ ಬ್ರೋರ್ ಆಂಡರ್ಸ್ ವಿಕ್‌ಸ್ಟ್ರಮ್ ಮುಂತಾದ ಚಿತ್ರಕಾರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕಲೆಗೆ ಮೇಲ್ಮಟ್ಟವನ್ನು ತಂದರು.

ವಿದ್ಯುದ್ದೀಪಗಳಿಲ್ಲದ ಕಾಲದಲ್ಲಿ ರಾತ್ರಿಯ ರಥಗಳು ಕಣ್ಣಿಗೆ ಬೀಳುತ್ತಿದ್ದುದು ದೀವಟಿಗೆಯವರಿಂದ. ಉರಿಯುವ ಎಣ್ಣೆಯ ಭಾರವನ್ನು ಹೊತ್ತು, ಕಿಡಿಗಳು ಮೈಮೇಲೆ ಬೀಳುತ್ತಿರಲು, ಮೈಲಿಗಟ್ಟಲೆ ಕುಣಿಯುತ್ತ ನಡೆಯುವ ಅವರಿಗೆ ದಾರಿಯ ಜನರು ನಾಣ್ಯ ಎಸೆಯುತ್ತಿದ್ದರು. ಬಗ್ಗಿ ನಾಣ್ಯ ಆರಿಸುವವರು ಕಪ್ಪು ಜನರು. ಅವರ ಬೆಳಕಿನಲ್ಲಿ ಹೊಳೆಯುವವರು ಬಿಳಿಯರು. ಈಚೆಗೆ ಬೆಳಕಿಗಾಗಿ ದೀವಟಿಗೆ ಬೇಕಿಲ್ಲವಾದರೂ ಸಂಪ್ರದಾಯವಾಗಿ ಅದು ಉಳಿದಿದೆ.

ರಥದ ಮೇಲಿನವರು ಜನರತ್ತ ಮಣಿಸರಗಳನ್ನೂ ಆಟಿಕೆಗಳನ್ನೂ ಎಸೆಯುತ್ತಾರೆ. ೧೯೬೦ರಲ್ಲಿ ರೆಕ್ಸ್ ಸಂಘ ತನ್ನ ಮುದ್ರೆಯೊತ್ತಿದ ಅಲ್ಯುಮಿನಿಯಮ್ ನಾಣ್ಯಗಳನ್ನು ಎಸೆಯತೊಡಗಿತು. ಇತರ ಸಂಘಗಳೂ ಅನುಸರಿಸಿದುವು. ಅಂಗಡಿಯಲ್ಲಿ ಯಾವ ಬೆಲೆಯೂ ಇಲ್ಲದ ಆ ನಾಣ್ಯಕ್ಕೆ ಸಾವಿರ ಕೈಗಳು ಮೇಲೇಳುತ್ತವೆ. ಅರಸನ ಕೈಯಿಂದ ಬಂದುದೆಂಬುದೊಂದೇ ಅದರ ಬೆಲೆ.

೬. ಮುಖವಾಡದ ಹಿಂದೆ

ಮುಖವಾಡಕ್ಕೆ ಎರಡು ಗುಣಗಳಿವೆ. ಬಲ್ಲಿದನ ಎದುರು ಬಡವನು ನಿರ್ಭಯವಾಗಿ ನಗಲು ಅದು ನೆರವಾಗುತ್ತದೆ. ಬಲ್ಲಿದನು ತನ್ನ ಹೆಸರು ಹೊರಬೀಳದಂತೆ ಇತರರನ್ನು ಹಂಗಿಸಲೂ ಅದೇ ನೆರವಾಗುತ್ತದೆ.

ಅಂತರ್ಯುದ್ಧದ ತರುವಾಯ ಕಪ್ಪು ಪುರುಷರಿಗೆ ಮತದಾನದ ಹಕ್ಕು ಬಂದಿತು. ೧೮೭೨ರ ಡಿಸೆಂಬರಿನಿಂದ ಮುಂದಿನ ಜನವರಿಯ ವರೆಗೆ ಪಿಂಚ್‌ಬ್ಯಾಕ್ ಎಂಬ ಕಪ್ಪು ನಾಯಕನು ಲೂಯಿಸಿಯಾನದ ಗವರ್ನರನ ಸ್ಥಾನದಲ್ಲಿದ್ದನು. ಅದಾದ ಕೆಲವೇ ವಾರಗಳಿಗೆ, ೧೮೭೩ರ ಮಾರ್ದಿ ಗ್ರಾ ರಾತ್ರಿ, ಕೋಮಸ್ ಸಂಘ ಡಾರ್ವಿನ್ನನ ಜೀವವಿಕಾಸವಾದದ ಹೆಸರಿನಲ್ಲಿ ಮೆರವಣಿಗೆ ನಡೆಸಿತು. ಅಧ್ಯಕ್ಷ ಗ್ರಾಂಟನು ಹೊಗೆಸೊಪ್ಪಿನ ಹುಳುವಾಗಿ, ಯುದ್ಧಕಾಲದಲ್ಲಿ ನಗರವನ್ನಾಳಿದ ಸೇನಾಪತಿ ಬಟ್ಲರನು ಕತ್ತೆಕಿರುಬನಾಗಿ ಕಾಣಿಸಿಕೊಂಡರು. ಕಪ್ಪು ಜನರನ್ನು ಹೀಯಾಳಿಸಲೆಂದು ಬ್ಯಾಂಜೊ ವಾದ್ಯ ಹಿಡಿದ ಗೊರಿಲ್ಲವೊಂದಿದ್ದಿತು. ಮರುವರ್ಷ, ೧೮೭೪ರ ಸೆಪ್ಟೆಂಬರ್ ೧೪ರಂದು, ‘ವೈಟ್ ಲೀಗ್’ ಎಂಬ ಬಿಳಿಯರ ಸಶಸ್ತ್ರ ದಳ ನಗರದ ಬೀದಿಯಲ್ಲಿ ಸರ್ಕಾರದ ಪೊಲೀಸರೊಡನೆ ಕಾದಾಡಿತು. ಕಾರ್ನಿವಲ್ ಸಂಘಗಳ ಸದಸ್ಯರಲ್ಲಿ ಹಲವರು ಆ ದಳದಲ್ಲಿದ್ದರು. ಆಟದ ಬೀದಿಗೂ ಕಾಳಗದ ಬೀದಿಗೂ ದೂರವಿರಲಿಲ್ಲ.

ಇನ್ನೊಂದು ಸಾಮ್ಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ೧೮೯೨ರಲ್ಲಿ ರೆಕ್ಸ್ ಸಂಘ ತನ್ನ ಮೂರು ಬಣ್ಣಗಳ ಅರ್ಥವನ್ನು ಮೆರವಣಿಗೆಯಲ್ಲಿ ಸಾರಿತು: ನೇರಿಳೆ ನ್ಯಾಯಕ್ಕೆ, ಹಸಿರು ಶ್ರದ್ಧೆಗೆ, ಹೊಂಬಣ್ಣ ಅಧಿಕಾರಕ್ಕೆ. ಅದೇ ವರ್ಷದ ಜೂನ್ ತಿಂಗಳಲ್ಲಿ, ಅದೇ ನಗರದಲ್ಲಿ, ಹೋಮರ್ ಪ್ಲೆಸಿ ಎಂಬವನು ಬಿಳಿಯರಿಗೆ ಮೀಸಲಾದ ರೈಲುಗಾಡಿಯಲ್ಲಿ ಕುಳಿತು, ಆ ಕಾನೂನನ್ನು ಪ್ರಶ್ನಿಸುವುದಕ್ಕಾಗಿಯೇ ಬಂಧನಕ್ಕೊಳಗಾದನು. ೧೮೯೬ರಲ್ಲಿ ವರಿಷ್ಠ ನ್ಯಾಯಾಲಯ ಅವನ ವಿರುದ್ಧ ತೀರ್ಪಿತ್ತು, ಬೇರ್ಪಡಿಸಿದರೂ ಸಮಾನವೆಂಬ ನೀತಿಯನ್ನು ಎತ್ತಿಹಿಡಿಯಿತು. ಅದು ಅರ್ಧಶತಮಾನಕ್ಕೂ ಮಿಗಿಲಾಗಿ ಬಾಳಿತು. ನ್ಯಾಯದ ಬಣ್ಣ ರಥದ ಮೇಲೆ ಹಾರುತ್ತಿದ್ದಿತು. ನ್ಯಾಯ ಮಾತ್ರ ರೈಲಿನಿಂದ ಇಳಿಸಲ್ಪಟ್ಟಿತು.

ಹೊರಗಿಟ್ಟವರ ಪಟ್ಟಿ ಕಪ್ಪು ಜನರಲ್ಲಿಗೇ ಮುಗಿಯಲಿಲ್ಲ. ಮೊದಲ ರೆಕ್ಸನೇ ಯೆಹೂದಿ ಮೂಲದವನಾಗಿದ್ದರೂ ಮುಂದೆ ಹಳೆಯ ಸಂಘಗಳ ಬಾಗಿಲು ಯೆಹೂದಿಗಳಿಗೂ ಮುಚ್ಚಿತು. ಸ್ತ್ರೀಯರು ರಾಣಿಯರಾಗಬಹುದಿತ್ತೇ ಹೊರತು ಸದಸ್ಯರಾಗುವಂತಿರಲಿಲ್ಲ. ಅವರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು, ೧೯೪೧ರಲ್ಲಿ ‘ವೀನಸ್’ ಸಂಘದ ಮೂಲಕ ಮೊದಲಬಾರಿ ತಾವೇ ರಥವೇರಿ ಮೆರವಣಿಗೆ ಹೊರಟರು.

೭. ತಗಡಿನ ಕಿರೀಟ

ಹೊರಗುಳಿದ ಕಪ್ಪು ಜನರಿಗೂ ತಮ್ಮವೇ ಸಂಘಗಳಿದ್ದುವು. ಆದರೆ ಅವುಗಳ ಮೊದಲ ಉದ್ದೇಶ ನೃತ್ಯವಲ್ಲ. ವಿಮಾ ಕಂಪನಿಗಳು ಅವರನ್ನು ಹತ್ತಿರ ಸೇರಿಸದ ಕಾಲ. ತಿಂಗಳಿಗಿಷ್ಟು ವಂತಿಗೆ ಕೊಟ್ಟು ಪರಸ್ಪರ ಸಹಾಯಕ ಸಂಘಕ್ಕೆ ಸೇರಿದರೆ, ಕಾಯಿಲೆ ಬಿದ್ದಾಗ ಹಣ, ಸತ್ತಾಗ ಮರ್ಯಾದೆಯ ಸಂಸ್ಕಾರ, ಎಷ್ಟೋ ವೇಳೆ ವಾದ್ಯಮೇಳದ ಮೆರವಣಿಗೆ ದೊರೆಯುತ್ತಿದ್ದುವು. ಇಂತಹ ಸಂಘಗಳ ನೆಲದಿಂದ ಬೆಳೆದುದು ‘ಜೂಲು’ ಸಂಘ. ಅದರ ಪೂರ್ಣನಾಮವೇ ಇದನ್ನು ಹೇಳುತ್ತದೆ: ಜೂಲು ಸಾಮಾಜಿಕ ಸಹಾಯ ಮತ್ತು ವಿನೋದ ಸಂಘ. ಸಹಾಯ ಮೊದಲು, ವಿನೋದ ಆಮೇಲೆ.

ಕೂಲಿ ಮಾಡಿ ಬದುಕುವ ಕೆಲವರು ‘ಟ್ರ್ಯಾಂಪ್ಸ್’, ಎಂದರೆ ಅಲೆಮಾರಿಗಳು, ಎಂಬ ಹೆಸರಿನ ಗುಂಪು ಕಟ್ಟಿಕೊಂಡಿದ್ದರು. ಜೂಲು ಅರಸನೊಬ್ಬ ಬರುವ ಹಾಸ್ಯನಾಟಕವನ್ನು ನೋಡಿ ಬಂದ ಅವರಿಗೆ, ತಮಗೂ ಒಬ್ಬ ಅರಸನಿರಲೆಂಬ ಯೋಚನೆ ಹೊಳೆಯಿತೆಂದು ಸಂಘದವರು ಹೇಳುತ್ತಾರೆ. ೧೯೦೯ರ ಮಾರ್ದಿ ಗ್ರಾ ದಿನ ವಿಲಿಯಮ್ ಸ್ಟೋರಿ ಎಂಬವನು ಜೂಲು ರಾಜನಾಗಿ ಬೀದಿಗಿಳಿದನು. ಹಂದಿಯ ಕೊಬ್ಬು ತುಂಬಿ ಬರುವ ತಗಡಿನ ಡಬ್ಬಿಯೇ ಕಿರೀಟ; ಬಾಳೆಯ ದಿಂಡೇ ರಾಜದಂಡ. ೧೯೧೫ರಲ್ಲಿ ಪೆಟ್ಟಿಗೆಗಳನ್ನು ಬಂಡಿಯ ಮೇಲೆ ಜೋಡಿಸಿ, ಗರಿಗಳಿಂದಲೂ ಮರದ ಪಾಚಿಯಿಂದಲೂ ಅಲಂಕರಿಸಿ, ಮೊದಲ ರಥವನ್ನು ಮಾಡಿದರು. ೧೯೧೬ರ ಸೆಪ್ಟೆಂಬರ್ ೨೦ರಂದು ಸಂಘ ಕಾನೂನುಬದ್ಧವಾಗಿ ನೋಂದಾಯಿತವಾಯಿತು.

ರೆಕ್ಸನು ವೈಭವದ ಹಡಗಿನಲ್ಲಿ ಮಿಸಿಸಿಪಿಯ ಮೇಲೆ ಬರುತ್ತಿದ್ದರೆ, ಜೂಲು ರಾಜನು ಕಾಲುವೆಯಲ್ಲಿ ಸಾಧಾರಣ ದೋಣಿಯನ್ನೇರಿ ಬಂದನು. ರೆಕ್ಸನ ಕಡೆಯವರು ಗಾಜಿನ ಮಣಿಗಳನ್ನೆಸೆದರೆ, ಇವನ ಕಡೆಯವರು ಹಂಚಿದುದು ತೆಂಗಿನಕಾಯಿಗಳನ್ನು. ರೆಕ್ಸನಿಗೆ ಸಿರಿವಂತರ ಸೌಧಗಳ ಮುಂದೆ ಪಾನಗೌರವ. ಇವನು ಶವಸಂಸ್ಕಾರದ ಸಂಸ್ಥೆಯೊಂದರ ಮುಂದೆ ನಿಂತು ತನ್ನ ರಾಣಿಯ ಗೌರವವನ್ನು ಪಡೆಯುತ್ತಿದ್ದನು. ಸಾವಿನ ಖರ್ಚಿಗಾಗಿ ಹುಟ್ಟಿದ ಸಂಘಕ್ಕೆ ಅದಕ್ಕಿಂತ ತಕ್ಕ ಅರಮನೆ ಯಾವುದು? ರೆಕ್ಸನನ್ನು ಹೆಸರೆತ್ತಿ ಅಣಕಿಸಬೇಕಾಗಿರಲಿಲ್ಲ. ತಗಡಿನ ಡಬ್ಬಿಯನ್ನು ಕಂಡವನಿಗೆ ಆ ಕಡೆಯ ಚಿನ್ನದ ಕಿರೀಟವೂ ತಗಡೇ ಎಂಬುದು ತಾನಾಗಿ ತಿಳಿಯುತ್ತಿದ್ದಿತು.

೧೯೪೯ರಲ್ಲಿ ಜೂಲು ರಾಜನಾದವರು ಜಗದ್ವಿಖ್ಯಾತ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್. ಅದೇ ಊರಿನ ಬಡಕೇರಿಯಲ್ಲಿ ೧೯೦೧ರಲ್ಲಿ ಹುಟ್ಟಿದ ಅವರಿಗೆ ಈ ಪಟ್ಟ ಬಾಲ್ಯದ ಬಯಕೆಯಾಗಿದ್ದಿತು. ‘ಟೈಮ್’ ಪತ್ರಿಕೆ ಅವರ ಚಿತ್ರವನ್ನು ಆ ವೇಳೆಗೆ ಮುಖಪುಟದಲ್ಲಿ ಅಚ್ಚುಮಾಡಿತು. ಆದರೆ ೧೯೫೬ರಲ್ಲಿ ಕಪ್ಪು ಮತ್ತು ಬಿಳಿಯ ವಾದಕರು ಒಂದೇ ವೇದಿಕೆಯಲ್ಲಿ ನುಡಿಸಕೂಡದೆಂದು ಲೂಯಿಸಿಯಾನದಲ್ಲಿ ಕಾನೂನಾದಾಗ, ಅವರು ತಮ್ಮ ಮಿಶ್ರ ತಂಡದೊಡನೆ ತವರಿಗೆ ಬಂದು ನುಡಿಸುವುದನ್ನೇ ಬಿಟ್ಟರು. ಮರಳಿ ನುಡಿಸಿದುದು ೧೯೬೫ರಲ್ಲಿ, ಪೌರಹಕ್ಕುಗಳ ಕಾನೂನು ಜಾರಿಗೆ ಬಂದ ತರುವಾಯ. ಒಂದು ದಿನದ ಅರಸುತನ ಉಳಿದ ೩೬೪ ದಿನಗಳ ಮರ್ಯಾದೆಯನ್ನು ತಂದುಕೊಡಲಾರದೆಂಬುದಕ್ಕೆ ಇದು ನ್ಯಾಯವಾದ ನಿದರ್ಶನ.

ಜೂಲು ಸಂಘದ ವೇಷವನ್ನು ಕಪ್ಪು ಜನರೆಲ್ಲರೂ ಮೆಚ್ಚಿದರೆಂದಲ್ಲ. ಮುಖಕ್ಕೆ ಕಪ್ಪು ಬಳಿದುಕೊಂಡು, ಹುಲ್ಲಿನ ಲಂಗ ತೊಟ್ಟು ಕುಣಿಯುವುದು ಬಿಳಿಯರು ಮಾಡುತ್ತ ಬಂದ ಹೀಯಾಳಿಕೆಯನ್ನೇ ಹೊತ್ತು ಮೆರೆಸಿದಂತೆ ಎಂದು ವಿದ್ಯಾವಂತರು ನೊಂದು ನುಡಿದರು. ೧೯೬೧ರಲ್ಲಿ, ಪೌರಹಕ್ಕುಗಳ ಹೋರಾಟದ ಕಾವಿನಲ್ಲಿ, ಮೆರವಣಿಗೆಯನ್ನು ನಿಲ್ಲಿಸಬೇಕೆಂಬ ಬೇಡಿಕೆಗೆ ಸಾವಿರಾರು ಜನ ಸಹಿಹಾಕಿದರು. ಆ ದಶಕದಲ್ಲಿ ಸದಸ್ಯರ ಸಂಖ್ಯೆ ಸುಮಾರು ೧೬ಕ್ಕೆ ಇಳಿಯಿತು. ಅಣಕವು ಅಣಕಿಸಲ್ಪಟ್ಟವನನ್ನು ಮುಟ್ಟುವುದೋ, ಅಣಕಿಸುವವನಿಗೇ ಅಂಟಿಕೊಳ್ಳುವುದೋ ಎಂಬ ಈ ವಿವಾದ ಮುಗಿದಿಲ್ಲ. ೨೦೧೯ರಲ್ಲಿ ಮತ್ತೆ ಎದ್ದಿತು. ಇದು ತಮ್ಮ ಹಿರಿಯರ ಸಂಪ್ರದಾಯವೆಂದು ಸಂಘದವರೂ, ಕಾಲಕ್ಕೆ ತಕ್ಕುದಲ್ಲವೆಂದು ಇತರರೂ ವಾದಿಸಿದರು. ಎರಡು ಕಡೆಯಲ್ಲಿಯೂ ಇರುವುದು ಸ್ವಾಭಿಮಾನವೇ ಎಂದು ನಮಗೆ ತೋರುತ್ತದೆ.

೮. ಬೀದಿ ಯಾರದು?

ಜೂಲು ಸಂಘ ಸಾಯಲಿಲ್ಲ. ಬಹುಕಾಲ ಕಪ್ಪು ಜನರ ಕೇರಿಗಳ ಹಿಂಬೀದಿಗಳಲ್ಲಿಯೇ ಸುತ್ತುತ್ತಿದ್ದ ಅದರ ಮೆರವಣಿಗೆ ೧೯೬೦ರ ದಶಕದ ಕೊನೆಯಲ್ಲಿ ಸೇಂಟ್ ಚಾರ್ಲ್ಸ್ ಮತ್ತು ಕೆನಾಲ್ ಎಂಬ ರಾಜಬೀದಿಗಳಿಗೆ ಬಂದಿತು. ಅದರ ತೆಂಗಿನಕಾಯಿ ಇಂದು ಹಬ್ಬದಲ್ಲಿ ಜನರು ಅತ್ಯಂತ ಬಯಸುವ ಕಾಣಿಕೆ. ಎಸೆದ ಕಾಯಿಗಳಿಂದ ಪೆಟ್ಟಾಗಿ ಮೊಕದ್ದಮೆಗಳೆದ್ದು ವಿಮೆ ದೊರೆಯದಂತಾದಾಗ, ೧೯೮೮ರಲ್ಲಿ ಲೂಯಿಸಿಯಾನದ ಶಾಸನಸಭೆ ಕೈಗೆ ಕೊಟ್ಟ ತೆಂಗಿನಕಾಯಿಯ ಸಂಬಂಧದಲ್ಲಿ ಸಂಘಕ್ಕೆ ರಕ್ಷಣೆ ನೀಡುವ ಕಾನೂನನ್ನೇ ಮಾಡಿತು! ಒಂದು ಕಾಲದಲ್ಲಿ ಹಿಂಬೀದಿಯಲ್ಲಿದ್ದವರ ಹಾಸ್ಯಕ್ಕಾಗಿ ಶಾಸನಸಭೆ ಕುಳಿತು ಯೋಚಿಸಿತೆಂಬುದು ಸಣ್ಣ ಮಾತಲ್ಲ.

ಹಳೆಯ ಸಂಘಗಳ ಮುಂದೆ ಪ್ರಶ್ನೆ ಬಂದುದು ೧೯೯೧ರ ಕೊನೆಯಲ್ಲಿ. ಲೂಯಿಸಿಯಾನದ ಶಾಸನಸಭೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆಯೆಂದು ಹೆಸರಾಗಿ, ಆಗ ನಗರಸಭೆಯಲ್ಲಿದ್ದ ಡೊರೊಥಿ ಮೇ ಟೇಲರ್ ಅವರು ಒಂದು ಸರಳವಾದ ವಾದವನ್ನು ಮುಂದಿಟ್ಟರು. ಬೀದಿ ಎಲ್ಲರದು, ಮೆರವಣಿಗೆಯ ಕಾವಲಿಗೂ ಕಸಗುಡಿಸುವುದಕ್ಕೂ ಎಲ್ಲರ ತೆರಿಗೆಯ ಹಣ ವೆಚ್ಚವಾಗುತ್ತದೆ, ಆದುದರಿಂದ ಬೀದಿಯನ್ನು ಬಳಸುವ ಸಂಘ ಜನಾಂಗ, ಮತ ಮೊದಲಾದ ಕಾರಣಗಳಿಂದ ಯಾರನ್ನೂ ಹೊರಗಿಡಕೂಡದು. ನಗರಸಭೆ ಆ ನಿಯಮವನ್ನು ಅಂಗೀಕರಿಸಿತು. ಮುಂದೆ ಅದನ್ನು ಸಡಿಲಿಸಲಾಯಿತಾದರೂ ಕೋಮಸ್, ಮೋಮಸ್, ಪ್ರೋಟಿಯಸ್ ಎಂಬ ಮೂರು ಹಳೆಯ ಸಂಘಗಳು ತಮ್ಮ ಸದಸ್ಯರ ಹೆಸರನ್ನು ಹೊರಗೆಡಹುವುದಕ್ಕಿಂತ ಬೀದಿಯನ್ನೇ ಬಿಡುವುದು ಲೇಸೆಂದು ಬಗೆದುವು. ಆ ಹಬ್ಬಕ್ಕೆ ರೂಪ ಕೊಟ್ಟ ಕೋಮಸನ ರಥಗಳು ಕೊನೆಯದಾಗಿ ಹೊರಟುದು ೧೯೯೧ರಲ್ಲಿ. ಅವನ ಕೂಟ ಮುಚ್ಚಿದ ಬಾಗಿಲ ಹಿಂದೆ ಈಗಲೂ ನಡೆಯುತ್ತಿದೆ. ಪ್ರೋಟಿಯಸ್ ೨೦೦೦ದಲ್ಲಿ ಬೀದಿಗೆ ಮರಳಿತು. ರೆಕ್ಸ್ ಸಂಘ ನಿಯಮವನ್ನೊಪ್ಪಿ ಕಪ್ಪು ಸದಸ್ಯರನ್ನು ಆಹ್ವಾನಿಸಿತು. ಇಪ್ಪತ್ತನೆಯ ಶತಮಾನ ಮುಗಿಯುವ ವೇಳೆಗೆ, ಹಬ್ಬದ ಮುನ್ನಾದಿನವಾದ ಸೋಮವಾರದಂದು ನದೀತೀರದಲ್ಲಿ ರೆಕ್ಸ್ ಮತ್ತು ಜೂಲು ರಾಜರು ಪರಸ್ಪರ ಎದುರುಗೊಳ್ಳುವ ಹೊಸ ಸಂಪ್ರದಾಯವೊಂದು ಬೆಳೆಯಿತು.

೨೦೦೫ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತದಿಂದ ನಗರದ ಬಹುಭಾಗ ಮುಳುಗಿದಾಗಲೂ, ಮುಂದಿನ ವರ್ಷದ ಮಾರ್ದಿ ಗ್ರಾ ನಿಲ್ಲಲಿಲ್ಲ. ೨೦೨೧ರಲ್ಲಿ ಸಾಂಕ್ರಾಮಿಕದ ಕಾರಣದಿಂದ ಮೆರವಣಿಗೆಗಳು ನಿಂತಾಗ ಜನರು ತಮ್ಮ ತಮ್ಮ ಮನೆಗಳನ್ನೇ ರಥಗಳಂತೆ ಅಲಂಕರಿಸಿದರು.

ಇಷ್ಟನ್ನು ಹೇಳಿದ ಮೇಲೆ ನಮಗೆ ಉಳಿಯುವ ಅರಿವೇನು? ರೆಕ್ಸನ ಮೊದಲ ನಿಲುವಂಗಿ ನಾಟಕದವನಿಂದ ಎರವಲು. ಜೂಲು ರಾಜನ ಮೊದಲ ಕಿರೀಟ ಅಡಿಗೆಮನೆಯಿಂದ ಎರವಲು. ಎರಡೂ ಸೋಗೇ. ವ್ಯತ್ಯಾಸವಿರುವುದು ಕಿರೀಟದ ಲೋಹದಲ್ಲಲ್ಲ, ಸಿಂಹಾಸನದ ಅಡಿಯಲ್ಲಿ. ಒಂದರಡಿಯಲ್ಲಿದ್ದುದು ಯಾರನ್ನು ಒಳಗೆ ಬಿಡಬಾರದೆಂಬ ಪಟ್ಟಿ. ಇನ್ನೊಂದರಡಿಯಲ್ಲಿದ್ದುದು ಕಾಯಿಲೆಗೂ ಸಾವಿಗೂ ಆಗುವಷ್ಟು ಕೂಡಿಟ್ಟ ಬಡವರ ವಂತಿಗೆ. ಕಾಲದ ಪರೀಕ್ಷೆ ಬಂದಾಗ ಮೊದಲನೆಯ ಬಗೆಯ ಅರಸನು ಬೀದಿಯನ್ನು ಬಿಟ್ಟು ಒಳಗೆ ಸರಿದನು. ಇಲ್ಲವೆ ರೆಕ್ಸನಂತೆ ಬಾಗಿಲನ್ನು ತೆರೆದು ಉಳಿದನು. ಎರಡನೆಯವನು ಹಿಂಬೀದಿಯಿಂದ ರಾಜಬೀದಿಗೆ ಬಂದನು. ನಾಡಿನ ಗಡಿಯಾಚೆ ನೆಲೆಸಿ, ತಿಂಗಳ ವಂತಿಗೆಯನ್ನು ಕೂಡಿಹಾಕಿ ಸಂಘಗಳನ್ನು ನಡೆಸಿಕೊಂಡು ಬಂದಿರುವ ನಮ್ಮಂಥವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಒಂದು ಸೂಚನೆ. ಪ್ರತಿಯೊಂದು ಊರಿನಲ್ಲಿಯೂ ಒಂದು ಜಾತ್ರೆಯೋ ತೇರೋ ಉರುಸೋ ಮೆರವಣಿಗೆಯೋ ಇದ್ದೇ ಇರುತ್ತದೆ. ಅದು ತಾಮ್ರಶಾಸನದಷ್ಟೇ ಬೆಲೆಯುಳ್ಳ ಇತಿಹಾಸದ ಆಧಾರ. ಮೇಲೆ ಕೂಡುವವರು ಯಾರು? ಮಿಣಿ ಹಿಡಿದು ಎಳೆಯುವವರು ಯಾರು? ಬೆಳಕು ಹಿಡಿಯುವವರು ಯಾರು? ವೆಚ್ಚ ಕೊಡುವವರು ಯಾರು? ಕರೆಯಿಲ್ಲದೆ ದೂರ ನಿಲ್ಲುವವರು ಯಾರು? ಈ ಐದು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರಲ್ಲಿ ಕೇಳಿ ಬರೆದು ತರಲಿ. ಉತ್ತರಗಳು ಐವತ್ತು ವರ್ಷಗಳಲ್ಲಿ ಹೇಗೆ ಬದಲಾದುವೆಂಬುದನ್ನು ಗುರುತಿಸಲಿ. ಆಗ ಅವರು ಓದುವುದು ದೂರದ ಅಮೆರಿಕದ ಚರಿತ್ರೆಯನ್ನಲ್ಲ, ತಮ್ಮದನ್ನೇ.